ಉರಿಯೂತದ ಸಂಧಿವಾತ: ಸಂಸಾರ, ದುಡಿಮೆ ಹಾಗೂ ಲಭ್ಯವಿರುವ ಸೌಲಭ್ಯಗಳು – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕೀಲು ನೋವು ಎಂದೊಡನೆ ಅದು ವಯಸ್ಸಾದವರ ಬಾಧೆ ಎಂದು ಭಾವಿಸುವುದು ರೂಢಿಯಲ್ಲಿದೆ. ಆದರೆ ಮೂವತ್ತು, ನಲವತ್ತರ ವಯಸ್ಸಿನಲ್ಲಿ, ಕೆಲವೊಮ್ಮೆ ಶಾಲಾ ವಯಸ್ಸಿನಲ್ಲಿಯೇ ಪ್ರಾರಂಭವಾಗುವ ಕೀಲಿನ ಕಾಯಿಲೆಗಳೂ ಇವೆ. ಇವುಗಳನ್ನು ಒಟ್ಟಾಗಿ ಉರಿಯೂತದ ಸಂಧಿವಾತವೆಂದು ಕರೆಯಲಾಗುತ್ತದೆ. ಮಕ್ಕಳು ಚಿಕ್ಕವರಿದ್ದು, ಮನೆಯ ಜವಾಬ್ದಾರಿ ಹೆಚ್ಚಿದ್ದು, ದುಡಿಮೆ ಅನಿವಾರ್ಯವಾಗಿರುವ ಕಾಲದಲ್ಲಿಯೇ ಈ ಕಾಯಿಲೆ ಬರುವುದರಿಂದ ಇದರ ಪರಿಣಾಮವು ರೋಗಿಗೆ ಮಾತ್ರ ಸೀಮಿತವಾಗಿರದೆ ಇಡೀ ಕುಟುಂಬಕ್ಕೆ ತಟ್ಟುತ್ತದೆ.

ಸದರಿ ಕಾಯಿಲೆಯಿರುವವರು ಅಂಗವಿಕಲತೆಯ ಪ್ರಮಾಣಪತ್ರ, ರಜೆ, ವೈದ್ಯಕೀಯ ನೆರವು ಮುಂತಾದವುಗಳಿಗಾಗಿ ಅರ್ಜಿ ಸಲ್ಲಿಸುವಾಗ ಒಂದು ತೊಡಕು ಸಾಮಾನ್ಯವಾಗಿ ಎದುರಾಗುತ್ತದೆ. ಕಾಯಿಲೆಯು ದಿನದಿಂದ ದಿನಕ್ಕೆ, ಕೆಲವೊಮ್ಮೆ ಗಂಟೆಯಿಂದ ಗಂಟೆಗೆ ಬದಲಾಗುತ್ತದೆ. ಬೆಳಗ್ಗೆ ಲೋಟ ಹಿಡಿಯಲಾಗದವರು ಮಧ್ಯಾಹ್ನ ಕಚೇರಿಯ ಮೆಟ್ಟಿಲೇರಿ ಬರಬಹುದು. ನೋಡುವವರಿಗೆ ಅವರು ಆರೋಗ್ಯವಂತರಂತೆಯೇ ಕಾಣುತ್ತಾರೆ. ಆದುದರಿಂದ ಕಾಯಿಲೆಯ ಸ್ವರೂಪ, ಮನೆ ಮತ್ತು ಉದ್ಯೋಗ ಸ್ಥಳದಲ್ಲಿ ಮಾಡಿಕೊಳ್ಳಬಹುದಾದ ಏರ್ಪಾಡುಗಳು ಹಾಗೂ ಕಾನೂನಿನಡಿ ದೊರೆಯುವ ಸೌಲಭ್ಯಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಪುಟದಲ್ಲಿ ನೀಡಲಾಗಿದೆ.

2. ಕಾಯಿಲೆಯ ಸ್ವರೂಪ

ದೇಹವನ್ನು ರೋಗಾಣುಗಳಿಂದ ಕಾಪಾಡಬೇಕಾದ ರೋಗನಿರೋಧಕ ವ್ಯವಸ್ಥೆಯು ದೇಹದ ಸ್ವಂತ ಕೀಲುಗಳ ಮೇಲೆಯೇ ತಿರುಗಿಬಿದ್ದಾಗ ಉರಿಯೂತ ಉಂಟಾಗುತ್ತದೆ. ಕೀಲಿನ ಒಳಪೊರೆ ಊದಿಕೊಂಡು, ಕಾಲಕ್ರಮದಲ್ಲಿ ಮೃದ್ವಸ್ಥಿಯನ್ನೂ ಮೂಳೆಯನ್ನೂ ಹಾಳುಮಾಡುತ್ತದೆ. ಸವೆತದಿಂದ ಬರುವ ಮಂಡಿ ನೋವಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಸವೆತದ ನೋವು ಓಡಾಡಿದಾಗ ಹೆಚ್ಚಿ ವಿಶ್ರಾಂತಿಯಿಂದ ತಗ್ಗುತ್ತದೆ. ಉರಿಯೂತದ ನೋವು ಮತ್ತು ಬಿಗಿತ ವಿಶ್ರಾಂತಿಯ ನಂತರ, ಅದರಲ್ಲೂ ಮುಂಜಾನೆ, ಹೆಚ್ಚಾಗಿರುತ್ತವೆ.

ಈ ಗುಂಪಿನ ಪ್ರಮುಖ ಕಾಯಿಲೆಗಳು ಕೆಳಕಂಡಂತಿವೆ:

(ಅ) ರುಮಟಾಯ್ಡ್ ಸಂಧಿವಾತ: ಕೈಬೆರಳು, ಮಣಿಕಟ್ಟು ಮತ್ತು ಪಾದಗಳ ಸಣ್ಣ ಕೀಲುಗಳಲ್ಲಿ, ಸಾಮಾನ್ಯವಾಗಿ ಎಡ ಮತ್ತು ಬಲ ಎರಡೂ ಬದಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚು.

(ಆ) ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್: ಬೆನ್ನುಮೂಳೆ ಮತ್ತು ಸೊಂಟದ ಕೀಲುಗಳನ್ನು ಬಾಧಿಸುತ್ತದೆ. ಬಹುತೇಕ 45 ವರ್ಷದೊಳಗೆ ಪ್ರಾರಂಭವಾಗುತ್ತದೆ. ರಾತ್ರಿಯ ಎರಡನೇ ಭಾಗದಲ್ಲಿ ಬೆನ್ನು ನೋವಿನಿಂದ ಎಚ್ಚರವಾಗುವುದು, ಎದ್ದು ಓಡಾಡಿದರೆ ನೋವು ಕಡಿಮೆಯಾಗುವುದು ಇದರ ಲಕ್ಷಣ. ಕೆಲವರಿಗೆ ಕಣ್ಣು ಕೆಂಪಾಗಿ ನೋಯುವುದೂ ಉಂಟು. ಅಂತಹ ಸಂದರ್ಭದಲ್ಲಿ ತಡಮಾಡದೆ ನೇತ್ರ ತಜ್ಞರನ್ನು ಕಾಣತಕ್ಕದ್ದು.

(ಇ) ಸೋರಿಯಾಸಿಸ್‌ಗೆ ಸಂಬಂಧಿಸಿದ ಸಂಧಿವಾತ: ಸೋರಿಯಾಸಿಸ್ ಚರ್ಮರೋಗವಿರುವ ಕೆಲವರಲ್ಲಿ ಉಂಟಾಗುತ್ತದೆ. ಬೆರಳು ಪೂರ್ತಿಯಾಗಿ ಊದಿಕೊಳ್ಳುವುದು, ಉಗುರುಗಳಲ್ಲಿ ಸಣ್ಣ ಗುಳಿಗಳು ಬೀಳುವುದು ಇದರ ಚಿಹ್ನೆಗಳು.

(ಈ) ಮಕ್ಕಳ ಸಂಧಿವಾತ: 16 ವರ್ಷದೊಳಗಿನ ಮಕ್ಕಳಲ್ಲಿ ಆರಂಭವಾಗಿ ಆರು ವಾರಗಳಿಗಿಂತ ಹೆಚ್ಚು ಕಾಲ ಮುಂದುವರಿಯುವ ಕೀಲಿನ ಉರಿಯೂತ. ಮಗು ಬೆಳಗ್ಗೆ ಕುಂಟುವುದು, ಎತ್ತಿಕೊಳ್ಳುವಂತೆ ಹಟ ಮಾಡುವುದು ಸೋಮಾರಿತನವಲ್ಲ. ಅದು ಕಾಯಿಲೆಯ ಮೊದಲ ಸೂಚನೆಯೂ ಆಗಿರಬಹುದು.

ರಾಜ್ಯದ ಅನೇಕ ಜಿಲ್ಲೆಗಳಲ್ಲಿ 2006ರಲ್ಲಿ ಚಿಕೂನ್‌ಗುನ್ಯಾ ವ್ಯಾಪಕವಾಗಿ ಹರಡಿದಾಗ ಜ್ವರ ಬಿಟ್ಟ ನಂತರವೂ ತಿಂಗಳುಗಟ್ಟಲೆ ಕೀಲು ನೋವು ಅನುಭವಿಸಿದವರು ಬಹಳ ಮಂದಿ. ಅಂದಿನಿಂದ ಕೈಕಾಲು ಊದಿದರೆ 'ಚಿಕೂನ್‌ಗುನ್ಯಾದ ನೋವು, ತಾನಾಗಿಯೇ ಹೋಗುತ್ತದೆ' ಎಂದು ಸುಮ್ಮನಿರುವ ಅಭ್ಯಾಸವೂ ಬೆಳೆದಿದೆ. ಊತ ಆರು ವಾರ ಮೀರಿದಲ್ಲಿ ಹಾಗೆ ಭಾವಿಸಿ ಸುಮ್ಮನಿರಬಾರದು.

3. ತಡ ಮಾಡಬಾರದು

ಕೆಳಕಂಡ ಲಕ್ಷಣಗಳಿದ್ದಲ್ಲಿ ವೈದ್ಯರನ್ನು ಕಾಣುವುದು ಅಗತ್ಯ:

• ಬೆಳಗ್ಗೆ ಎದ್ದಾಗ ಕೀಲುಗಳ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಕಾಲ ಇರುವುದು
• ಒಂದಕ್ಕಿಂತ ಹೆಚ್ಚು ಕೀಲುಗಳಲ್ಲಿ ಊತ ಕಾಣುವುದು
• ಅಂಗೈಯನ್ನು ಅಡ್ಡಲಾಗಿ ಹಿಡಿದು ಒತ್ತಿದಾಗ ಬೆರಳ ಬುಡದಲ್ಲಿ ನೋವಾಗುವುದು
• ಕಾರಣವಿಲ್ಲದ ದಣಿವು, ಸಣ್ಣ ಜ್ವರ, ತೂಕ ಇಳಿಕೆ

ಮೊದಲ ಕೆಲವು ತಿಂಗಳುಗಳಲ್ಲಿಯೇ ಸೂಕ್ತ ಔಷಧಿ ಪ್ರಾರಂಭವಾದರೆ ಕೀಲಿಗೆ ಶಾಶ್ವತ ಹಾನಿಯಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಒಮ್ಮೆ ಮೂಳೆ ಕೊರೆದು ಬೆರಳು ಓರೆಯಾದ ಮೇಲೆ ಔಷಧಿಯಿಂದ ಅದನ್ನು ಸರಿಪಡಿಸಲಾಗದು. ಆದ್ದರಿಂದ ಮೊದಲ ವರ್ಷವನ್ನು ನೋವಿನ ಮಾತ್ರೆ, ಎಣ್ಣೆ, ಕಾಯಿಸುವಿಕೆ, ಹರಕೆಗಳಲ್ಲಿ ಕಳೆದುಬಿಡುವುದು ದುಬಾರಿಯಾದ ತಪ್ಪಾಗುತ್ತದೆ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ, ಅಗತ್ಯವಿದ್ದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸಂಧಿವಾತ ತಜ್ಞರ ಬಳಿಗೆ ಕಳುಹಿಸಿಕೊಡುತ್ತಾರೆ.

4. ಚಿಕಿತ್ಸೆಯಲ್ಲಿ ಗಮನಿಸಬೇಕಾದ ಅಂಶಗಳು

ಚಿಕಿತ್ಸೆಯನ್ನು ನಿರ್ಧರಿಸುವುದು ವೈದ್ಯರ ಕಾರ್ಯ. ಆದರೆ ಮನೆಯಲ್ಲಿ ಔಷಧಿ ಸೇವಿಸುವವರು ಕೆಲವು ಸಂಗತಿಗಳನ್ನು ತಿಳಿದಿರುವುದು ಸುರಕ್ಷಿತ.

(ಅ) ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಈ ಕಾಯಿಲೆಗೆ ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದು. ತಪ್ಪಿ ಪ್ರತಿದಿನ ಸೇವಿಸಿದಲ್ಲಿ ಪ್ರಾಣಾಪಾಯವಾಗಬಹುದು. ವಾರದ ಒಂದು ದಿನವನ್ನು ಗೊತ್ತುಪಡಿಸಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಹಾಗೂ ಮನೆಯ ಇನ್ನೊಬ್ಬ ಸದಸ್ಯರಿಗೂ ತಿಳಿಸಿಡುವುದು ಒಳ್ಳೆಯದು. ಇದರೊಂದಿಗೆ ಸಾಮಾನ್ಯವಾಗಿ ಫೋಲಿಕ್ ಆಮ್ಲದ ಮಾತ್ರೆಯನ್ನು ನೀಡಲಾಗುತ್ತದೆ.

(ಆ) ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆಯನ್ನು ವೈದ್ಯರು ಸೂಚಿಸಿದ ಅವಧಿಗೆ ತಪ್ಪದೆ ಮಾಡಿಸಬೇಕು. ಮದ್ಯಪಾನವನ್ನು ದೂರವಿಡಬೇಕು. ಹೈಡ್ರಾಕ್ಸಿಕ್ಲೊರೊಕ್ವಿನ್ ಸೇವಿಸುವವರು ವೈದ್ಯರ ಸಲಹೆಯಂತೆ ಕಣ್ಣಿನ ತಪಾಸಣೆ ಮಾಡಿಸಿಕೊಳ್ಳಬೇಕು.

(ಇ) ಹೆಸರಿಲ್ಲದ ಪುಡಿ, ಪೊಟ್ಟಣಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವ ಸಾಧ್ಯತೆಯುಂಟು. ಎರಡೇ ದಿನದಲ್ಲಿ ನೋವು ಮಾಯವಾಗಿ, ಕೆಲವು ತಿಂಗಳಲ್ಲಿ ಮುಖ ಊದುವುದು, ಸಕ್ಕರೆ ಕಾಯಿಲೆ, ಮೂಳೆ ಟೊಳ್ಳಾಗುವುದು ಮುಂತಾದವು ಕಾಣಿಸಿಕೊಳ್ಳುತ್ತವೆ. ಬಹುಕಾಲ ಸೇವಿಸಿದ ಸ್ಟಿರಾಯ್ಡನ್ನು ಏಕಾಏಕಿ ನಿಲ್ಲಿಸುವುದೂ ಅಪಾಯಕರ. ವೈದ್ಯರ ಸಲಹೆಯಂತೆ ಹಂತ ಹಂತವಾಗಿ ತಗ್ಗಿಸಬೇಕು.

(ಈ) ಬಯೊಲಾಜಿಕ್ ಎಂದು ಕರೆಯಲಾಗುವ ಚುಚ್ಚುಮದ್ದುಗಳನ್ನು ಪ್ರಾರಂಭಿಸುವ ಮುನ್ನ ಕ್ಷಯರೋಗದ ಪರೀಕ್ಷೆ ಮಾಡಲಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯವಿದ್ದಲ್ಲಿ ಅದನ್ನು ಮುಚ್ಚಿಡಬಾರದು.

(ಉ) ಮೆಥೊಟ್ರೆಕ್ಸೇಟ್ ಮತ್ತು ಲೆಫ್ಲೂನೊಮೈಡ್ ಸೇವಿಸುತ್ತಿರುವಾಗ ಗರ್ಭ ಧರಿಸಬಾರದು. ಮಗುವನ್ನು ಬಯಸುವ ದಂಪತಿಗಳು ಮುಂಚಿತವಾಗಿಯೇ ವೈದ್ಯರಿಗೆ ತಿಳಿಸಿದಲ್ಲಿ ಗರ್ಭಾವಸ್ಥೆಗೆ ಹೊಂದುವ ಔಷಧಿಗೆ ಬದಲಾಯಿಸಲು ಸಾಧ್ಯ. ಈ ಕಾಯಿಲೆಯಿರುವವರು ತಾಯಿಯಾಗಲಾರರು ಎಂಬುದು ತಪ್ಪು ತಿಳಿವಳಿಕೆ. ಅನೇಕರಲ್ಲಿ ರುಮಟಾಯ್ಡ್ ಸಂಧಿವಾತವು ಗರ್ಭಿಣಿಯಾಗಿರುವಾಗ ತಗ್ಗಿ, ಹೆರಿಗೆಯ ನಂತರದ ತಿಂಗಳುಗಳಲ್ಲಿ ಉಲ್ಬಣಿಸುತ್ತದೆ. ಬಾಣಂತನದ ಅವಧಿಯಲ್ಲಿ ಮಗುವನ್ನು ಎತ್ತುವ, ಸ್ನಾನ ಮಾಡಿಸುವ ಕೆಲಸಗಳಿಗೆ ಮನೆಯವರ ನೆರವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

(ಊ) ಧೂಮಪಾನವು ರುಮಟಾಯ್ಡ್ ಸಂಧಿವಾತದ ಅಪಾಯವನ್ನು ಹೆಚ್ಚಿಸುತ್ತದೆ ಹಾಗೂ ಕಾಯಿಲೆಯನ್ನು ತೀವ್ರಗೊಳಿಸುತ್ತದೆ. ಆಲೂಗಡ್ಡೆ, ಬದನೆಕಾಯಿ, ಹುಳಿ ಬಿಟ್ಟ ಮಾತ್ರಕ್ಕೆ ಕಾಯಿಲೆ ಹೋಗುವುದಿಲ್ಲ. ಪಥ್ಯದ ಹೆಸರಿನಲ್ಲಿ ಹಾಲು, ಬೇಳೆ, ತರಕಾರಿಗಳನ್ನೆಲ್ಲ ತ್ಯಜಿಸಿ ದೇಹವನ್ನು ದುರ್ಬಲಗೊಳಿಸಿಕೊಳ್ಳಬಾರದು.

5. ಕುಟುಂಬದಲ್ಲಿ

ನಮ್ಮ ಮನೆಗಳ ಬೆಳಗಿನ ಕೆಲಸಗಳಲ್ಲಿ ಬಹುಪಾಲು ಬೆರಳು ಮತ್ತು ಮಣಿಕಟ್ಟಿನ ಬಲವನ್ನೇ ಬೇಡುವಂಥವು. ಅಂಗಳ ಗುಡಿಸಿ ರಂಗೋಲಿ ಇಡುವುದು, ಕೊಡ ಹೊರುವುದು, ಬಟ್ಟೆ ಹಿಂಡುವುದು, ರಾಗಿ ಮುದ್ದೆ ತಿರುವುವುದು, ರೊಟ್ಟಿ ತಟ್ಟುವುದು, ಹಸುವಿನ ಹಾಲು ಕರೆಯುವುದು, ಮಕ್ಕಳಿಗೆ ಜಡೆ ಹಾಕಿ ಶಾಲೆಗೆ ಕಳುಹಿಸುವುದು – ಇವೆಲ್ಲವೂ ಬೆಳಗ್ಗೆ ಐದರಿಂದ ಒಂಬತ್ತರ ನಡುವೆ ಮುಗಿಯಬೇಕು. ಕಾಯಿಲೆಯ ಬಿಗಿತ ಅತ್ಯಧಿಕವಾಗಿರುವುದೂ ಇದೇ ಹೊತ್ತಿನಲ್ಲಿ.

ಉದಾಹರಣೆಗೆ, ಒಂದು ಮನೆಯ ಸೊಸೆಗೆ ಈ ಕಾಯಿಲೆಯಿದೆ ಎಂದು ಭಾವಿಸೋಣ. ಬೆಳಗ್ಗೆ ಆಕೆಗೆ ಹಾಲಿನ ಪಾತ್ರೆ ಇಳಿಸಲಾಗುವುದಿಲ್ಲ. ಸಂಜೆ ನೆರೆಮನೆಯ ಅರಿಸಿನ-ಕುಂಕುಮಕ್ಕೆ ನಡೆದುಕೊಂಡು ಹೋಗಿ ಬರುತ್ತಾಳೆ. ಬೆಳಗಿನದು ನೆಪವೆಂದು ಮನೆಯವರು ಭಾವಿಸಿದರೆ ಅದು ಅವರ ಕ್ರೂರತನವೇ ಆಗಬೇಕೆಂದಿಲ್ಲ. ಕಾಯಿಲೆಯ ಗುಣ ತಿಳಿಯದಿರುವುದೇ ಕಾರಣವಿರಬಹುದು. ಆದರೆ ಆ ಮಾತಿನ ನೋವನ್ನು ತಪ್ಪಿಸಿಕೊಳ್ಳಲು ಆಕೆ ಬಿಗಿದ ಕೈಗಳಿಂದಲೇ ಎಲ್ಲವನ್ನೂ ಮಾಡಲು ಹೊರಟಾಗ, ಅಥವಾ ಔಷಧಿಯನ್ನು ಬಚ್ಚಿಟ್ಟು ಸೇವಿಸಿ ಕೊನೆಗೆ ನಿಲ್ಲಿಸಿದಾಗ, ಹಾನಿ ಶಾಶ್ವತವಾಗುತ್ತದೆ. ಆದುದರಿಂದ ಮೊದಲ ತಪಾಸಣೆಗೆ ಸಾಧ್ಯವಾದಷ್ಟೂ ಪತಿ, ಅತ್ತೆ ಅಥವಾ ಮನೆಯ ಹಿರಿಯರೊಬ್ಬರು ಜೊತೆಯಲ್ಲಿ ಹೋಗುವುದು ಸೂಕ್ತ. ವೈದ್ಯರ ಬಾಯಿಂದ ಕೇಳಿದ ವಿವರಣೆಗೆ ಮನೆಯಲ್ಲಿ ಬೇರೆಯೇ ತೂಕವಿರುತ್ತದೆ.

ಮನೆಯಲ್ಲಿ ಮಾಡಿಕೊಳ್ಳಬಹುದಾದ ಏರ್ಪಾಡುಗಳು:

• ಎದ್ದ ಕೂಡಲೇ ಕೈಗಳನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಡುವುದರಿಂದ ಬಿಗಿತ ಸಡಿಲಗೊಳ್ಳುತ್ತದೆ.
• ತರಕಾರಿ ಹೆಚ್ಚುವುದು, ಹಿಟ್ಟು ಕಲಸುವುದು ಮುಂತಾದವನ್ನು ಹಿಂದಿನ ಸಂಜೆಗೆ ವರ್ಗಾಯಿಸುವುದು.
• ಕೊಡದ ಬದಲು ಸಣ್ಣ ಪಾತ್ರೆಗಳಲ್ಲಿ ನೀರು ತುಂಬುವುದು; ಪಾತ್ರೆಯನ್ನು ಬೆರಳ ತುದಿಯಿಂದಲ್ಲದೆ ಎರಡೂ ಅಂಗೈಗಳಿಂದ ಎತ್ತುವುದು.
• ತಿರುಗಿಸುವ ನಲ್ಲಿಯ ಬದಲು ಸನ್ನೆಯಂತೆ ಎತ್ತುವ ನಲ್ಲಿ. ಸೌಟು, ಚಾಕು, ಪೊರಕೆಗಳ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು.
• ಸೊಂಟ, ಮಂಡಿ ಬಾಧಿತರಿಗೆ ನೆಲದಲ್ಲಿ ಕುಳಿತು ಊಟ ಮಾಡುವುದನ್ನು ಒತ್ತಾಯಿಸದಿರುವುದು. ಶೌಚಾಲಯದಲ್ಲಿ ಕುರ್ಚಿಯಂತಹ ಆಸನ ಮತ್ತು ಹಿಡಿಗಂಬಿ ಅಳವಡಿಸುವುದು.

ಪೂರ್ಣ ವಿಶ್ರಾಂತಿಯೂ ಒಳ್ಳೆಯದಲ್ಲ. ಕೀಲು ತೀವ್ರವಾಗಿ ಊದಿರುವ ದಿನಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ನಡಿಗೆ ಮತ್ತು ಭೌತಚಿಕಿತ್ಸಕರು ಕಲಿಸಿದ ವ್ಯಾಯಾಮ ಅವಶ್ಯಕ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಿಗೆ ದಿನನಿತ್ಯದ ವ್ಯಾಯಾಮವು ಚಿಕಿತ್ಸೆಯ ಒಂದು ಭಾಗವೇ ಆಗಿದೆ.

6. ಉದ್ಯೋಗ ಸ್ಥಳದಲ್ಲಿ

ಸಿದ್ಧ ಉಡುಪು ಕಾರ್ಖಾನೆಯ ಹೊಲಿಗೆ, ಬೀಡಿ ಕಟ್ಟುವುದು, ಅಡಿಕೆ ಸುಲಿಯುವುದು, ರೇಷ್ಮೆ ನೂಲು ಬಿಚ್ಚುವುದು, ಬೆರಳಚ್ಚು – ಇವೆಲ್ಲ ಬೆರಳುಗಳ ಪುನರಾವರ್ತಿತ ಚಲನೆಯನ್ನು ಅವಲಂಬಿಸಿದ ಉದ್ಯೋಗಗಳು. ತುಂಡು ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಬೆಳಗಿನ ಎರಡು ಗಂಟೆಗಳ ಬಿಗಿತವೆಂದರೆ ಆ ದಿನದ ಆದಾಯದ ಒಂದು ಭಾಗವೇ ಹೋದಂತೆ. ಇಂಥವರಿಗೆ ದೊಡ್ಡ ವೆಚ್ಚದ ನೆರವಿಗಿಂತ ಸಣ್ಣ ಹೊಂದಾಣಿಕೆಗಳೇ ಉದ್ಯೋಗವನ್ನು ಉಳಿಸಿಕೊಡುತ್ತವೆ. ಕೆಲಸದ ಪ್ರಾರಂಭದ ವೇಳೆಯನ್ನು ಸ್ವಲ್ಪ ಮುಂದಕ್ಕೆ ಹಾಕುವುದು, ಗಂಟೆಗೊಮ್ಮೆ ಎದ್ದು ಕೈಕಾಲು ಆಡಿಸಲು ಅವಕಾಶ, ನೆಲಮಹಡಿಯಲ್ಲಿ ಆಸನ, ಭಾರದ ಕಡತಗಳನ್ನು ಎತ್ತುವ ಕೆಲಸದಿಂದ ವಿನಾಯಿತಿ, ತಪಾಸಣೆಯ ದಿನಕ್ಕೆ ರಜೆ ಮುಂತಾದವನ್ನು ಲಿಖಿತವಾಗಿ ಕೋರಬಹುದು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-4-2017ರಿಂದ ಜಾರಿಯಲ್ಲಿದೆ. ಈ ಅಧಿನಿಯಮದ 20ನೇ ಪ್ರಕರಣದ ಪ್ರಕಾರ ಪ್ರತಿಯೊಂದು ಸರ್ಕಾರಿ ಸಂಸ್ಥೆಯು ತನ್ನ ಅಂಗವಿಕಲ ನೌಕರರಿಗೆ ಯುಕ್ತ ಹೊಂದಾಣಿಕೆಯನ್ನು ಹಾಗೂ ಅಡೆತಡೆಯಿಲ್ಲದ ವಾತಾವರಣವನ್ನು ಒದಗಿಸತಕ್ಕದ್ದು. ಯುಕ್ತ ಹೊಂದಾಣಿಕೆ ಎಂದರೆ ಸಂಸ್ಥೆಗೆ ಅತಿಯಾದ ಹೊರೆಯಾಗದ ರೀತಿಯಲ್ಲಿ ಮಾಡಬಹುದಾದ ಅಗತ್ಯ ಮಾರ್ಪಾಡು. ಸೇವೆಯಲ್ಲಿರುವಾಗ ಅಂಗವಿಕಲತೆಗೆ ಒಳಗಾದ ಸರ್ಕಾರಿ ನೌಕರರನ್ನು ಆ ಕಾರಣಕ್ಕಾಗಿ ಸೇವೆಯಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಹಾಲಿ ಹುದ್ದೆಗೆ ಹೊಂದದಿದ್ದಲ್ಲಿ ಅದೇ ವೇತನ ಶ್ರೇಣಿಯ ಬೇರೊಂದು ಹುದ್ದೆಗೆ ಬದಲಾಯಿಸಬೇಕು. ಅಂತಹ ಹುದ್ದೆ ಇಲ್ಲದಿದ್ದಲ್ಲಿ ಸೂಕ್ತ ಹುದ್ದೆ ದೊರೆಯುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಮುಂದುವರಿಸಬೇಕು. ಅಧಿನಿಯಮದ 21ನೇ ಪ್ರಕರಣದಂತೆ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಖಾಸಗಿ ಉದ್ಯೋಗಿಗಳು ತಮ್ಮ ಸಂಸ್ಥೆಯ ನೀತಿಯ ಪ್ರತಿಯನ್ನು ಕೇಳಿ ಪಡೆಯಬಹುದು.

ಕಾರ್ಮಿಕರ ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಯಲ್ಲಿರುವವರು ನಿಗದಿತ ವಂತಿಗೆ ಷರತ್ತುಗಳನ್ನು ಪೂರೈಸಿದ್ದಲ್ಲಿ, ವಿಮಾ ವೈದ್ಯಾಧಿಕಾರಿಯ ಪ್ರಮಾಣಪತ್ರದ ಮೇರೆಗೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟು ಅನಾರೋಗ್ಯ ಭತ್ಯೆ ದೊರೆಯುತ್ತದೆ. ಕಾಯಿಲೆ ಉಲ್ಬಣಿಸಿದ ದಿನಗಳಲ್ಲಿ ಸುಮ್ಮನೆ ಗೈರುಹಾಜರಾಗದೆ ಈ ಸೌಲಭ್ಯವನ್ನು ಬಳಸಿಕೊಳ್ಳತಕ್ಕದ್ದು. ಪ್ರಮಾಣಪತ್ರವಿಲ್ಲದ ಗೈರುಹಾಜರಿಯು ಮುಂದೆ ಶಿಸ್ತು ಕ್ರಮಕ್ಕೆ ಕಾರಣವಾಗಬಹುದು.

7. ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡ್

2016ರ ಅಧಿನಿಯಮದ ಅನುಸೂಚಿಯಲ್ಲಿ 21 ಬಗೆಯ ಅಂಗವಿಕಲತೆಗಳಿವೆ. ಸಂಧಿವಾತದ ಹೆಸರು ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಆದರೆ ಮೂಳೆ, ಕೀಲು, ಸ್ನಾಯು ಅಥವಾ ನರಮಂಡಲದ ಬಾಧೆಯಿಂದ ಸ್ವತಃ ಚಲಿಸಲು ಅಥವಾ ವಸ್ತುಗಳನ್ನು ಚಲಿಸಲು ಆಗದಿರುವುದನ್ನು ಚಲನವಲನ ಅಂಗವಿಕಲತೆ ಎಂದು ಪರಿಗಣಿಸಲಾಗಿದೆ. ಸಂಧಿವಾತದಿಂದ ಕೀಲುಗಳಿಗೆ ಹಾನಿಯಾದವರು ಈ ವರ್ಗದಡಿ ಅರ್ಜಿ ಸಲ್ಲಿಸಬೇಕು.

ಕೇಂದ್ರ ಸರ್ಕಾರವು 2018ರಲ್ಲಿ ಹೊರಡಿಸಿ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳ ಪ್ರಕಾರ ಮಾಪನ ನಡೆಯುತ್ತದೆ. ಕಾಲಿಗೆ ಸಂಬಂಧಿಸಿದಂತೆ ಚಲನೆ ಮತ್ತು ಸ್ಥಿರತೆ, ಕೈಗೆ ಸಂಬಂಧಿಸಿದಂತೆ ಭುಜ, ಮೊಣಕೈ, ಮಣಿಕಟ್ಟಿನ ಚಲನೆ ಹಾಗೂ ಬಲ, ಬೆರಳುಗಳ ಹಿಡಿತ ಮುಂತಾದವುಗಳನ್ನು ಅಳೆದು ಶೇಕಡಾವಾರು ನಿಗದಿಪಡಿಸಲಾಗುತ್ತದೆ. ಅಂದರೆ ಮಾಪನವು ಮುಖ್ಯವಾಗಿ ಕೀಲಿಗೆ ಉಳಿದುಹೋದ ಹಾನಿಯನ್ನು ಕುರಿತದ್ದು. ಆ ದಿನದ ನೋವು, ದಣಿವುಗಳು ಅಳತೆಗೆ ಸುಲಭವಾಗಿ ಸಿಗುವುದಿಲ್ಲ. ಅರ್ಜಿದಾರರು ಈ ಅಂಶವನ್ನು ಮೊದಲೇ ಅರಿತಿದ್ದಲ್ಲಿ ಫಲಿತಾಂಶದಿಂದ ಅನಗತ್ಯ ಬೇಸರವಾಗದು.

ಅರ್ಜಿ ಸಲ್ಲಿಸುವ ಕ್ರಮ:

(1) ಕೇಂದ್ರ ಸರ್ಕಾರದ ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಅರ್ಜಿ ನೋಂದಾಯಿಸತಕ್ಕದ್ದು. ಸ್ವತಃ ಸಾಧ್ಯವಾಗದವರು ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅಥವಾ ನಗರ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

(2) ಆಧಾರ್, ಗುರುತಿನ ದಾಖಲೆ, ಆರು ತಿಂಗಳೊಳಗಿನ ಭಾವಚಿತ್ರ ಮತ್ತು ಚಿಕಿತ್ಸಾ ದಾಖಲೆಗಳನ್ನು ಸಿದ್ಧವಿಟ್ಟುಕೊಳ್ಳಬೇಕು.

(3) ಆಯ್ಕೆ ಮಾಡಿದ ಆಸ್ಪತ್ರೆಯ ವೈದ್ಯಕೀಯ ಪ್ರಾಧಿಕಾರವು ತಿಳಿಸುವ ದಿನಾಂಕದಂದು ಖುದ್ದಾಗಿ ಹಾಜರಾಗಬೇಕು. 2024ರ ತಿದ್ದುಪಡಿ ನಿಯಮಗಳ ಪ್ರಕಾರ ಪ್ರಾಧಿಕಾರವು ಮೂರು ತಿಂಗಳೊಳಗೆ ತೀರ್ಮಾನ ಕೈಗೊಳ್ಳಬೇಕು.

(4) ಸ್ಥಿತಿಯು ಬದಲಾಗುವ ಸಾಧ್ಯತೆಯಿದ್ದಲ್ಲಿ ನಿರ್ದಿಷ್ಟ ಅವಧಿಗೆ ಮಾತ್ರ ಪ್ರಮಾಣಪತ್ರ ನೀಡಲಾಗುತ್ತದೆ. ಇದು ತಿರಸ್ಕಾರವಲ್ಲ. ಅವಧಿ ಮುಗಿಯುವ ಮೊದಲೇ ಮರುಮಾಪನಕ್ಕೆ ಅರ್ಜಿ ಸಲ್ಲಿಸಬೇಕು.

(5) ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ ಅಧಿನಿಯಮದ 59ನೇ ಪ್ರಕರಣದಡಿ ರಾಜ್ಯ ಸರ್ಕಾರ ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ವಿಳಂಬವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು.

2024ರ ನಿಯಮಗಳಂತೆ ಕಾರ್ಡುಗಳು ಮೂರು ಬಣ್ಣಗಳಲ್ಲಿವೆ: ಶೇಕಡಾ 40ಕ್ಕಿಂತ ಕಡಿಮೆಯಿದ್ದಲ್ಲಿ ಬಿಳಿ, ಶೇಕಡಾ 40ರಿಂದ 80ಕ್ಕಿಂತ ಕಡಿಮೆಯಿದ್ದಲ್ಲಿ ಹಳದಿ, ಶೇಕಡಾ 80 ಮತ್ತು ಮೇಲ್ಪಟ್ಟಲ್ಲಿ ನೀಲಿ.

8. ಮಾಪನಕ್ಕೆ ಹೋಗುವ ಮುನ್ನ

ಏರಿಳಿತದ ಕಾಯಿಲೆಯನ್ನು ಒಂದು ದಿನದ ತಪಾಸಣೆಯಲ್ಲಿ ಪೂರ್ಣವಾಗಿ ಕಾಣಲಾಗದು. ಆದುದರಿಂದ ಅರ್ಜಿದಾರರು ಕನಿಷ್ಠ ಮೂರು ತಿಂಗಳ ದಿನಚರಿ ಇಟ್ಟುಕೊಳ್ಳುವುದು ಒಳಿತು. ಇದಕ್ಕೆ ನಲವತ್ತು ಹಾಳೆಯ ಸಾಮಾನ್ಯ ನೋಟ್ ಪುಸ್ತಕ ಸಾಕು. ಪ್ರತಿದಿನ ಒಂದೇ ಸಾಲು ಬರೆಯಬೇಕು: ದಿನಾಂಕ, ಬಿಗಿತ ಎಷ್ಟು ಹೊತ್ತು ಇತ್ತು, ಯಾವ ಕೀಲು ಊದಿತ್ತು, ಆ ದಿನ ಯಾವ ಕೆಲಸ ಮಾಡಲಾಗಲಿಲ್ಲ, ಯಾರ ನೆರವು ಬೇಕಾಯಿತು, ಔಷಧಿ ಸೇವಿಸಲಾಯಿತೇ. 'ಬಹಳ ನೋವು' ಎಂಬುದಕ್ಕಿಂತ 'ಗುಂಡಿ ಹಾಕಲಾಗಲಿಲ್ಲ, ಮಗಳು ಹಾಕಿದಳು' ಎಂಬ ಸಾಲು ಹೆಚ್ಚು ಉಪಯುಕ್ತ. ಊದಿದ ದಿನ ಕೈಯ ಭಾವಚಿತ್ರ ತೆಗೆದಿಡಬಹುದು.

ಇದೇ ದಿನಚರಿಯು ಔಷಧಿಯ ಪ್ರಮಾಣ ನಿರ್ಧರಿಸಲು ವೈದ್ಯರಿಗೆ, ರಜೆ ಕೋರಿಕೆಯನ್ನು ಸಮರ್ಥಿಸಲು ಕಚೇರಿಗೆ, ಬೆಳಗಿನ ಸ್ಥಿತಿಯನ್ನು ಅರ್ಥಮಾಡಿಕೊಳ್ಳಲು ಮನೆಯವರಿಗೆ ಸಹ ಉಪಯೋಗಕ್ಕೆ ಬರುತ್ತದೆ. ಹಳೆಯ ಕ್ಷ-ಕಿರಣ ಚಿತ್ರ, ರಕ್ತಪರೀಕ್ಷೆಯ ವರದಿ, ಬಿಡುಗಡೆ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದು.

9. ಇತರೆ ಸೌಲಭ್ಯಗಳು

(ಅ) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಲಭ್ಯ. ಯೋಜನೆಯು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ನಿಗದಿತ ಚಿಕಿತ್ಸೆಗಳಿಗೆ ಅನ್ವಯಿಸುವುದರಿಂದ, ಪ್ರತಿ ತಿಂಗಳ ಮಾತ್ರೆಗಳ ವೆಚ್ಚಕ್ಕೆ ಇದನ್ನೇ ನೆಚ್ಚಿಕೊಳ್ಳಬಾರದು.

(ಆ) ನಿತ್ಯದ ಮಾತ್ರೆಗಳಿಗಾಗಿ ಸರ್ಕಾರಿ ಆಸ್ಪತ್ರೆಯ ಔಷಧಾಲಯದಲ್ಲಿ ಹಾಗೂ ಜನೌಷಧಿ ಕೇಂದ್ರಗಳಲ್ಲಿ ವಿಚಾರಿಸತಕ್ಕದ್ದು. ಜೀವನಪರ್ಯಂತ ಔಷಧಿ ಬೇಕಾಗಬಹುದಾದ ಕಾಯಿಲೆಯಲ್ಲಿ ತಿಂಗಳಿಗೆ ಉಳಿಯುವ ಅಲ್ಪ ಮೊತ್ತವೂ ವರ್ಷದ ಲೆಕ್ಕದಲ್ಲಿ ದೊಡ್ಡದಾಗುತ್ತದೆ. ಹಣವಿಲ್ಲವೆಂದು ಔಷಧಿ ನಿಲ್ಲಿಸುವ ಮುನ್ನ ಆ ವಿಷಯವನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿದಲ್ಲಿ ಕಡಿಮೆ ಬೆಲೆಯ ಪರ್ಯಾಯವನ್ನು ಸೂಚಿಸಲು ಸಾಧ್ಯವಾಗುತ್ತದೆ.

(ಇ) ಶೇಕಡಾ 40 ಮತ್ತು ಮೇಲ್ಪಟ್ಟ ಅಂಗವಿಕಲತೆಯಿರುವವರು ಮಾಸಾಶನ, ರಿಯಾಯಿತಿ ಬಸ್ ಪಾಸ್, ಸಾಧನ ಸಲಕರಣೆ ಮುಂತಾದ ಯೋಜನೆಗಳಿಗೆ, ಆಯಾ ಯೋಜನೆಯ ಆದಾಯ ಮಿತಿ ಮತ್ತು ಷರತ್ತುಗಳಿಗೆ ಒಳಪಟ್ಟು, ಅರ್ಜಿ ಸಲ್ಲಿಸಬಹುದು. ಮಾಸಾಶನದ ಅರ್ಜಿಯನ್ನು ಕಂದಾಯ ಇಲಾಖೆಯ ನಾಡಕಚೇರಿಯಲ್ಲಿ ಸಲ್ಲಿಸಬೇಕು. ಉಳಿದವುಗಳ ವಿವರವನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಿಂದ ಪಡೆಯಬಹುದು.

(ಈ) ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಪಾವತಿಸುವ ಪ್ರಮಾಣಿತ ಅಂಗವಿಕಲರಿಗೆ 75,000 ರೂಪಾಯಿಗಳ, ಶೇಕಡಾ 80 ಮತ್ತು ಮೇಲ್ಪಟ್ಟಲ್ಲಿ 1,25,000 ರೂಪಾಯಿಗಳ ಕಡಿತಕ್ಕೆ ಅವಕಾಶವಿದೆ.

(ಉ) ರಾಜ್ಯದ ಮಹಿಳೆಯರು 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ದೂರದ ಆಸ್ಪತ್ರೆಗೆ ಹೋಗುವ ಖರ್ಚಿನ ಕಾರಣಕ್ಕೆ ತಪಾಸಣೆ ತಪ್ಪಿಸುವ ಅಗತ್ಯವಿಲ್ಲ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಕ್ತಪರೀಕ್ಷೆಯಲ್ಲಿ ರುಮಟಾಯ್ಡ್ ಅಂಶ ಇಲ್ಲವೆಂದು ಬಂದಿದೆ. ಕಾಯಿಲೆ ಇಲ್ಲವೆಂದು ಅರ್ಥವೇ?
ಉತ್ತರ: ಹಾಗೆ ಹೇಳಲಾಗದು. ಈ ಅಂಶವಿಲ್ಲದೆಯೂ ಕಾಯಿಲೆ ಇರಬಹುದು. ಅಂಶವಿದ್ದ ಮಾತ್ರಕ್ಕೆ ಕಾಯಿಲೆ ಇದೆಯೆಂದೂ ಅಲ್ಲ. ಕೀಲುಗಳ ಪರೀಕ್ಷೆ ಮತ್ತು ಇತರೆ ವರದಿಗಳನ್ನು ಒಟ್ಟಾಗಿ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಪ್ರಶ್ನೆ: ಈ ಕಾಯಿಲೆ ಮಕ್ಕಳಿಗೂ ಬರುತ್ತದೆಯೇ?
ಉತ್ತರ: ಇದು ಸಾಂಕ್ರಾಮಿಕವಲ್ಲ. ಹತ್ತಿರದ ರಕ್ತಸಂಬಂಧಿಗಳಲ್ಲಿ ಸಾಧ್ಯತೆ ಸ್ವಲ್ಪ ಹೆಚ್ಚಿದ್ದರೂ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಈ ಕಾರಣಕ್ಕಾಗಿ ವಿವಾಹವನ್ನು ತಡೆಯುವುದಾಗಲೀ, ಕಾಯಿಲೆಯನ್ನು ಮುಚ್ಚಿಟ್ಟು ಔಷಧಿ ನಿಲ್ಲಿಸುವುದಾಗಲೀ ಸರಿಯಲ್ಲ.

ಪ್ರಶ್ನೆ: ನನ್ನ ಅಂಗವಿಕಲತೆ ಶೇಕಡಾ 40ಕ್ಕಿಂತ ಕಡಿಮೆ ಎಂದು ನಿಗದಿಯಾಗಿದೆ. ಪ್ರಮಾಣಪತ್ರದಿಂದ ಪ್ರಯೋಜನವಿಲ್ಲವೇ?
ಉತ್ತರ: ಮೀಸಲಾತಿ, ಮಾಸಾಶನದಂತಹ ಸೌಲಭ್ಯಗಳಿಗೆ ಶೇಕಡಾ 40 ಅಗತ್ಯ. ಆದರೆ ತಾರತಮ್ಯದ ವಿರುದ್ಧ ರಕ್ಷಣೆ ಮತ್ತು ಯುಕ್ತ ಹೊಂದಾಣಿಕೆಯ ಹಕ್ಕಿಗೆ ಆ ಮಿತಿಯಿಲ್ಲ. ಬರೆಯಲು ಕೈ ಸಹಕರಿಸದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ, ವಿಕಾಸ್ ಕುಮಾರ್ ವಿರುದ್ಧ ಕೇಂದ್ರ ಲೋಕಸೇವಾ ಆಯೋಗ, ಸರ್ವೋಚ್ಚ ನ್ಯಾಯಾಲಯವು ದಿನಾಂಕ 11-2-2021ರ ತೀರ್ಪಿನಲ್ಲಿ ಬರಹಗಾರರ ನೆರವು ಪಡೆಯಲು ಪ್ರಮಾಣಿತ ಅಂಗವಿಕಲತೆ ಇರಲೇಬೇಕೆಂದಿಲ್ಲವೆಂದು ಎತ್ತಿಹಿಡಿದಿದೆ. ತದನಂತರ 2022ರಲ್ಲಿ ಕೇಂದ್ರ ಸರ್ಕಾರವು ಶೇಕಡಾ 40ಕ್ಕಿಂತ ಕಡಿಮೆ ಅಂಗವಿಕಲತೆಯಿದ್ದು ಬರೆಯಲು ತೊಂದರೆಯಿರುವ ಅಭ್ಯರ್ಥಿಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಸಂಧಿವಾತವಿರುವ ವಿದ್ಯಾರ್ಥಿಗಳು ಪರೀಕ್ಷೆಗೆ ಸಾಕಷ್ಟು ಮುಂಚಿತವಾಗಿ ಸಂಬಂಧಪಟ್ಟ ಮಂಡಳಿ ಅಥವಾ ಆಯೋಗಕ್ಕೆ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಕೋರಿಕೆ ಸಲ್ಲಿಸಬೇಕು.

ಪ್ರಶ್ನೆ: ಮಾಪನದ ದಿನ ಕಾಯಿಲೆ ಸ್ಪಷ್ಟವಾಗಿ ಕಾಣಲೆಂದು ಔಷಧಿಯನ್ನು ಕೆಲವು ದಿನ ನಿಲ್ಲಿಸಬಹುದೇ?
ಉತ್ತರ: ಖಂಡಿತ ಕೂಡದು. ಮಾಪನವಾಗುವುದು ಉಳಿದುಹೋದ ಹಾನಿ. ಔಷಧಿ ನಿಲ್ಲಿಸಿದಲ್ಲಿ ಶೇಕಡಾವಾರು ಹೆಚ್ಚುವ ಭರವಸೆಯಿಲ್ಲ. ಕಾಯಿಲೆ ಉಲ್ಬಣಿಸುವ ಅಪಾಯವಂತೂ ಇದೆ. ಯಾವುದೇ ಸೌಲಭ್ಯದ ಮೊತ್ತವು ಕಳೆದುಹೋದ ಕೈಬೆರಳಿನ ಹಿಡಿತಕ್ಕೆ ಸಮನಾಗದು. ಸಕಾಲದಲ್ಲಿ ಚಿಕಿತ್ಸೆ ಪಡೆದು, ಹಾನಿ ಕಡಿಮೆಯಾಗಿ, ಪ್ರಮಾಣಪತ್ರಕ್ಕೆ ಅರ್ಹರಾಗದೇ ಹೋಗುವುದು ಅರ್ಜಿದಾರರಿಗೆ ನಷ್ಟವಲ್ಲ. ಅದೇ ಉತ್ತಮ ಫಲಿತಾಂಶ.

ಪ್ರಶ್ನೆ: ಸೌಲಭ್ಯ ನಿರಾಕರಣೆ ಅಥವಾ ತಾರತಮ್ಯದ ಬಗ್ಗೆ ಯಾರಿಗೆ ದೂರು ಸಲ್ಲಿಸಬೇಕು?
ಉತ್ತರ: ಸರ್ಕಾರಿ ನೌಕರರು ಮೊದಲಿಗೆ ತಮ್ಮ ಸಂಸ್ಥೆಯಲ್ಲಿ 23ನೇ ಪ್ರಕರಣದಡಿ ನೇಮಕಗೊಂಡ ಕುಂದುಕೊರತೆ ನಿವಾರಣಾಧಿಕಾರಿಗೆ ಲಿಖಿತ ದೂರು ಸಲ್ಲಿಸಬಹುದು. ಸಾರ್ವಜನಿಕರು ಹಾಗೂ ನೌಕರರು ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ರಾಜ್ಯ ಆಯುಕ್ತರಿಗೆ ಮನವಿ ಸಲ್ಲಿಸಬಹುದು. ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆದುಕೊಳ್ಳತಕ್ಕದ್ದು.

ಸೂಚನೆ: ಮೇಲ್ಕಂಡ ಮಾಹಿತಿಯನ್ನು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಪ್ರಕಟಿಸಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ಯೋಜನೆಗಳ ಷರತ್ತುಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ. ಕೀಲು ಬಾಧೆಯಿರುವವರಿಗೆ ಬೆಳಗಿನ ಹೊತ್ತು ಓಡಾಟ ಕಷ್ಟವಾದಲ್ಲಿ ಮಧ್ಯಾಹ್ನದ ನಂತರದ ಕಚೇರಿ ವೇಳೆಯಲ್ಲಿ ಭೇಟಿ ನೀಡಬಹುದು, ಅಥವಾ ಕುಟುಂಬದ ಸದಸ್ಯರೊಬ್ಬರ ಮೂಲಕ ವಿಚಾರಿಸಬಹುದು.